ಮೂರು ತಲೆಮಾರಿನ ಮುಂದೆ ಒಂದೇ ಜಾದೂ: ಪ್ರದರ್ಶನ ಯೋಜಿಸುವುದು ಹೇಗೆ?

ನಾಲ್ಕು ವರ್ಷದ ಮಗುವಿಗೆ ನಾಣ್ಯವೊಂದು ಮುಷ್ಟಿಯಿಂದ ಮಾಯವಾಗುವುದು ದೊಡ್ಡ ಅಚ್ಚರಿಯೇನಲ್ಲ. ಗುಂಡಿ ಒತ್ತಿದರೆ ದೀಪ ಹತ್ತುವುದೂ ಅದರ ಪಾಲಿಗೆ ಅಂಥದ್ದೇ ಮತ್ತೊಂದು ಸಂಗತಿ. ಹನ್ನೆರಡರ ಹುಡುಗನಾದರೋ ಜಾದೂಗಾರನ ಎಡಗೈ ಏನು ಮಾಡುತ್ತಿದೆ ಎಂಬುದನ್ನೇ ದಿಟ್ಟಿಸುತ್ತಿರುತ್ತಾನೆ, ಅವನ ಹಿಂದೆ ಕುಳಿತ ಅಜ್ಜಿಗೆ ಮಾತಿನ ಸೊಗಸು ಬೇಕು. ಈ ಮೂವರನ್ನೂ ಮೆಚ್ಚಿಸಲು ಹೊರಟ ಹೊಸಬರು ಸಾಮಾನ್ಯವಾಗಿ ಮಕ್ಕಳಿಗೊಂದು ಆಟ, ದೊಡ್ಡವರಿಗೊಂದು ಆಟ ಎಂದು ಸರದಿ ಹಾಕುತ್ತಾರೆ. ಇದರಿಂದ ಯಾವ ಗಳಿಗೆಯಲ್ಲಿ ನೋಡಿದರೂ ಅರ್ಧ ಸಭೆ ಆಕಳಿಸುತ್ತಿರುತ್ತದೆ. ಸರದಿಯ ಬದಲು, ಒಂದೇ ಆಟದೊಳಗೆ ಎಲ್ಲರಿಗೂ ಒಂದೊಂದು ಪದರ ಇರುವಂತೆ ಆಯ್ಕೆ ಮಾಡುವುದು ಯೋಜನೆಯ ಮೊದಲ ಹೆಜ್ಜೆ.

ಮೂರು ಬಟ್ಟಲು, ಕೆಲವು ಪುಟ್ಟ ಚೆಂಡುಗಳ ಆಟ ಇದಕ್ಕೆ ಒಳ್ಳೆಯ ಮಾದರಿ. ಇದು ಎಷ್ಟು ಹಳೆಯದೆಂದರೆ, ಕ್ರಿ.ಶ. 1ನೇ ಶತಮಾನದ ರೋಮನ್ ಚಿಂತಕ ಸೆನೆಕ ತನ್ನ ಪತ್ರವೊಂದರಲ್ಲಿ ಬಟ್ಟಲು ಮತ್ತು ಹರಳುಗಳ ಕೈಚಳಕವನ್ನು ಪ್ರಸ್ತಾಪಿಸಿ, ಗುಟ್ಟು ತಿಳಿದೊಡನೆ ತನಗೆ ಅದರ ರುಚಿ ಹೋಗುತ್ತದೆ ಎಂದು ಬರೆದಿದ್ದಾನೆ. ಮಗುವಿಗೆ ಇಲ್ಲಿ ಚೆಂಡು ಎಲ್ಲಿದೆ ಎಂಬ ಕಣ್ಣಾಮುಚ್ಚಾಲೆ ಸಿಗುತ್ತದೆ, ಹುಡುಗನಿಗೆ ಗುಟ್ಟು ಹಿಡಿಯುವ ಪಂಥ ಸಿಗುತ್ತದೆ. ಕೊನೆಯಲ್ಲಿ ಪುಟ್ಟ ಚೆಂಡಿನ ಜಾಗದಲ್ಲಿ ಬಟ್ಟಲು ತುಂಬುವಷ್ಟು ದೊಡ್ಡ ಚೆಂಡು ಹೊರಬಿದ್ದಾಗ ಎಲ್ಲ ಬಲ್ಲೆನೆಂದುಕೊಂಡಿದ್ದ ಹಿರಿಯರೂ ಬೆಪ್ಪಾಗುತ್ತಾರೆ. ಕತ್ತರಿಸಿ ಕೂಡಿಸುವ ಹಗ್ಗ, ಒಂದರೊಳಗೊಂದು ಸೇರುವ ಉಂಗುರಗಳು, ಬಣ್ಣ ಬದಲಿಸುವ ರೇಷ್ಮೆ ವಸ್ತ್ರ ಇವೂ ಇದೇ ಜಾತಿಯವು. ಸಾಧಾರಣ ಇಸ್ಪೀಟು ಎಲೆ ಮಾತ್ರ ಇಂಥ ಸಭೆಗೆ ಒಗ್ಗುವುದಿಲ್ಲ, ಏಕೆಂದರೆ ನಾಲ್ಕನೆಯ ಸಾಲಿನವರಿಗೆ ಅದು ಕಾಣಿಸದು. ‘ಕಳಾವರ್ ಏಳು’ ಎಂದರೇನೆಂದೇ ತಿಳಿಯದ ಮಗು ಅದನ್ನು ನೆನಪಿಟ್ಟುಕೊಳ್ಳಲಾರದು. ಮನಸ್ಸಿನಲ್ಲಿರುವುದನ್ನು ಹೇಳುವ ಆಟ ಬೇಕೇ ಬೇಕೆಂದರೆ ಹಾಳೆಯಷ್ಟು ದೊಡ್ಡ ರಟ್ಟುಗಳ ಮೇಲೆ ಪ್ರಾಣಿಗಳ ಚಿತ್ರ ಬರೆಸಿಕೊಳ್ಳಿ.

ಮುಂದಿನದು ಸಮಯ ಮತ್ತು ಕ್ರಮ. ಮಿಶ್ರ ವಯಸ್ಸಿನವರಿಗೆ 40ರಿಂದ 45 ನಿಮಿಷ ಧಾರಾಳ. ಆರು ವರ್ಷದೊಳಗಿನವರೇ ಹೆಚ್ಚಿದ್ದರೆ 30ಕ್ಕೆ ನಿಲ್ಲಿಸುವುದು ಲೇಸು. ಈ ಅವಧಿಗೆ ಏಳೆಂಟು ಆಟಗಳು ಸಾಕು. ನಿಮ್ಮ ಅತ್ಯುತ್ತಮ ಆಟವನ್ನು ಕೊನೆಗೆ ಕಾದಿರಿಸಿ, ಎರಡನೆಯ ಅತ್ಯುತ್ತಮವನ್ನು ಮೊದಲಿಗಿಡಿ. ಆರಂಭದ ಆಟಕ್ಕೆ ಪೀಠಿಕೆ ಬೇಡ, ಮೊದಲ ನಿಮಿಷದೊಳಗೇ ಕಣ್ಣಿಗೆ ಕಟ್ಟುವಂಥದ್ದೊಂದು ನಡೆಯಬೇಕು.

ಆಸನ ವ್ಯವಸ್ಥೆಯನ್ನು ಆಯೋಜಕರಿಗೆ ಬಿಟ್ಟುಬಿಡುವುದು ಬಹುಪಾಲು ವೈಫಲ್ಯಗಳ ಮೂಲವೆಂದು ನನಗನ್ನಿಸುತ್ತದೆ. ಮಕ್ಕಳನ್ನು ಮುಂದೆ ನೆಲದ ಮೇಲೆ ಕೂರಿಸುವುದು ಸರಿಯೇ, ಆದರೆ ಅವರು ಕೆಳಗಿನಿಂದ ಮೇಲಕ್ಕೆ ನೋಡುತ್ತಾರೆ ಎಂಬುದನ್ನು ಮರೆಯಬಾರದು. ಕುರ್ಚಿಯಲ್ಲಿರುವವರಿಗೆ ಕಾಣದಂತೆ ಅಂಗೈಯಲ್ಲಿ ಅಡಗಿಸಿದ ಚೆಂಡು ಮೊದಲ ಸಾಲಿನ ಮಗುವಿಗೆ ನಿಚ್ಚಳವಾಗಿ ಕಾಣಬಹುದು, ಮತ್ತು ಅದು ಸುಮ್ಮನಿರುವ ವಯಸ್ಸಲ್ಲ. ಮೊದಲ ಸಾಲಿಗೂ ಮೇಜಿಗೂ ನಡುವೆ ಎರಡು ಮೀಟರ್ ಅಂತರವಿಟ್ಟು, ಗಡಿ ತಿಳಿಯಲು ನೆಲದ ಮೇಲೆ ಬಣ್ಣದ ಪಟ್ಟಿಯೊಂದನ್ನು ಅಂಟಿಸಿ. ನಿಮ್ಮ ಹಿಂದೆ ಗೋಡೆಯೋ ಪರದೆಯೋ ಇರಲಿ, ಅಕ್ಕಪಕ್ಕದಲ್ಲಿ ಮೇಜಿನ ಸಾಲಿಗೆ ಸಮನಾಗಿ ಯಾರೂ ಕೂರದಂತೆ ನೋಡಿಕೊಳ್ಳಿ.

ತಾಲೀಮನ್ನೂ ಈ ನೋಟಗಳಿಗೆ ತಕ್ಕಂತೆ ಮಾಡಬೇಕು. ಕನ್ನಡಿಯೊಂದನ್ನೇ ನಂಬಿದವರು ಕೈ ಗುಟ್ಟಿನ ಕೆಲಸ ಮಾಡುವ ಕ್ಷಣದಲ್ಲಿ ತಮಗರಿವಿಲ್ಲದೆ ಕಣ್ಣು ಮಿಟುಕಿಸಿ, ತಮ್ಮ ತಪ್ಪನ್ನು ತಾವೇ ಕಾಣದೆ ಹೋಗುತ್ತಾರೆ. ಫೋನನ್ನು ಒಮ್ಮೆ ನೆಲದ ಮಟ್ಟದಲ್ಲಿ, ಒಮ್ಮೆ ಕುರ್ಚಿಯ ಎತ್ತರದಲ್ಲಿ, ಒಮ್ಮೆ ಸಾಲಿನ ತೀರಾ ಕೊನೆಯಲ್ಲಿ ಇಟ್ಟು ಇಡೀ ಪ್ರದರ್ಶನವನ್ನು ಚಿತ್ರೀಕರಿಸಿಕೊಂಡರೆ ಸುಳ್ಳು ಹೇಳದ ಮೂವರು ಪ್ರೇಕ್ಷಕರು ಸಿಕ್ಕಂತಾಯಿತು.

ಸಭೆಯಿಂದ ಸಹಾಯಕರನ್ನು ಕರೆಯುವಾಗ, ಎಲ್ಲರಿಗಿಂತ ಜೋರಾಗಿ ಕೂಗುವವನನ್ನು ಬಿಟ್ಟು, ಕೈಯೆತ್ತಿ ಶಾಂತವಾಗಿ ಕಾದಿರುವವರನ್ನು ಆರಿಸಿ. ತೀರಾ ಪುಟ್ಟ ಮಗು ವೇದಿಕೆ ಏರಿದ ಮೇಲೆ ಅಳತೊಡಗುವುದುಂಟು, ಐದು ದಾಟಿದವರು ವಾಸಿ. ಒಂದು ಮಗುವಿನ ನಂತರ ಒಬ್ಬ ಹಿರಿಯರು, ಆಮೇಲೆ ತಂದೆ-ಮಗಳ ಜೋಡಿ, ಹೀಗೆ ಬದಲಿಸುತ್ತ ಹೋದರೆ ಸಭೆಯ ಯಾವ ಮೂಲೆಗೂ ತಾನು ಹೊರಗುಳಿದೆನೆಂದು ಅನ್ನಿಸದು. ನಗೆಯ ಗುರಿ ನೀವಾಗಿರಬೇಕು, ಸಹಾಯಕರಲ್ಲ. ಜಾದೂ ದಂಡ ಮಗುವಿನ ಕೈಯಲ್ಲಿ ನೆಟ್ಟಗಿದ್ದು ನಿಮ್ಮ ಕೈಗೆ ಬಂದೊಡನೆ ಬಳುಕಿದರೆ ಮಕ್ಕಳು ಮಗುವಿನ ಗೆಲುವಿಗೆ ನಗುತ್ತಾರೆ, ದೊಡ್ಡವರು ನಿಮ್ಮ ಪೇಚಾಟಕ್ಕೆ ನಗುತ್ತಾರೆ.

‘ಇನ್ನೊಂದು ಕೈಯಲ್ಲಿದೆ!’ ಎಂಬ ಕೂಗು ಬಂದೇ ಬರುತ್ತದೆ. ಅದನ್ನು ಗದರಿ ಅಡಗಿಸುವುದಕ್ಕಿಂತ, ಆ ಕೂಗಿಗಾಗಿಯೇ ಹೆಣೆದ ಆಟವೊಂದನ್ನು ನಡುವೆ ಇರಿಸಿಕೊಳ್ಳುವುದು ಜಾಣತನ. ಗುಟ್ಟು ಸಿಕ್ಕಿತೆಂದು ಎಲ್ಲರೂ ನಂಬಿದ ಮೇಲೆ ಎರಡೂ ಕೈ ಬಿಚ್ಚಿ ತೋರಿಸುವ ಆಟಗಳು ಹಲವಿವೆ. ‘ಮತ್ತೊಮ್ಮೆ’ ಎಂಬ ಬೇಡಿಕೆಗೆ ಮಾತ್ರ ಮಣಿಯಬಾರದು. ಒಂದೇ ಆಟವನ್ನು ಮೂರು ಸಲ ಕಂಡರೆ ಗುಟ್ಟು ಹೇಳಬಲ್ಲೆ ಎನ್ನುತ್ತಿದ್ದ ಪ್ರಖ್ಯಾತ ಜಾದೂಗಾರ ಹ್ಯಾರಿ ಹೂಡಿನಿಯನ್ನು 1922ರಲ್ಲಿ ಇಸ್ಪೀಟಿನ ಕೈಚಳಕಕ್ಕೆ ಹೆಸರಾದ ಡೈ ವರ್ನನ್ ಒಂದೇ ಎಲೆಯಾಟವನ್ನು ಮತ್ತೆ ಮತ್ತೆ ತೋರಿಸಿ ಸೋಲಿಸಿದ್ದು ನಿಜ, ಆದರೆ ನಾವು ವರ್ನನ್ ಅಲ್ಲ.

ಬೆಂಕಿಯ ಆಟಗಳನ್ನು ನೆಲದ ಮೇಲೆ ಮಕ್ಕಳಿರುವ ಕಡೆ ಕೈಬಿಡಿ. ಒಡೆದ ಬಲೂನಿನ ಚೂರು ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಲ್ಲದು, ಕೆಲವರಿಗೆ ಲೇಟೆಕ್ಸ್ ಅಲರ್ಜಿಯೂ ಇರುತ್ತದೆ. ಆಯೋಜಕರನ್ನು ಮೊದಲೇ ವಿಚಾರಿಸಿ.

ಪರಿಕರಗಳನ್ನು ಬಳಸುವ ಕ್ರಮದಲ್ಲೇ ಪೆಟ್ಟಿಗೆಯಲ್ಲಿ ಜೋಡಿಸಿ, ಯಾವುದಾದರೂ ಕೈಕೊಟ್ಟರೆ ತುಂಬಲು ಜೇಬಿನಲ್ಲಿ ಒಂದು ಪುಟ್ಟ ಆಟ ಇರಲಿ. ಚಪ್ಪಾಳೆ ಮುಗಿಯುವ ಮುನ್ನವೇ ಮಕ್ಕಳು ಮೇಜಿನತ್ತ ಧಾವಿಸುವುದರಿಂದ, ಮುಚ್ಚಳವಿರುವ ಪೆಟ್ಟಿಗೆಯನ್ನು ಕಾಲ ಬಳಿಯೇ ಇಟ್ಟುಕೊಂಡು, ನಮಸ್ಕರಿಸಲು ಬಾಗುವ ಮುನ್ನ ಎಲ್ಲವನ್ನೂ ಅದರೊಳಗೆ ಸೇರಿಸಿ ಮುಚ್ಚಳ ಹಾಕಿರಬೇಕು.