ಕಸೂತಿಯ ದಾರಿ ಅಂಗಳದಲ್ಲಿ ಸಿಕ್ಕಿತು

ಧಾರವಾಡದ ನಮ್ಮ ಮನೆಯಲ್ಲಿ ರವಿವಾರ ಏಳೆಂಟು ಹುಡುಗಿಯರಿಗೆ ಕಸೂತಿ ಹೇಳಿಕೊಡುತ್ತೇನೆ. ಹತ್ತರಿಂದ ಹದಿಮೂರು ವರ್ಷದವರು. ಮೊದಲ ಎರಡು ವರ್ಷ ಒಬ್ಬಳಿಗೂ ಒಂದು ಗೋಪುರದ ಚಿತ್ರ ಹೊಲಿದು ಮುಗಿಸಲು ಆಗಲಿಲ್ಲ.

ಬಟ್ಟೆಯ ಎಳೆ ಎಣಿಸಲು ಬೇಗ ಕಲಿತರು. ತೊಡಕು ಬೇರೆ ಕಡೆ ಇತ್ತು. ಗವಂತಿ ಅನ್ನುವ ಕಸೂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕಿ, ಬರುವಾಗ ಬಿಟ್ಟದ್ದನ್ನು ತುಂಬುತ್ತೇವೆ ಅಲ್ವಾ? ಇವರು ಹೋಗುತ್ತಿದ್ದರು, ಹೊಳ್ಳಿ ಬರಲು ದಾರಿ ಸಿಗುತ್ತಿರಲಿಲ್ಲ. ಗೋಪುರದ ತುದಿಯಲ್ಲಿ ಸಿಕ್ಕಿಕೊಂಡು, ದಾರ ಕತ್ತರಿಸಿ ಹಿಂದೆ ಗಂಟು ಹಾಕಿಬಿಡುತ್ತಿದ್ದರು. ಗಂಟು ಬಿದ್ದ ಗವಂತಿಯನ್ನು ನಮ್ಮವ್ವ ಆಗಿದ್ದರೆ ಪೂರ್ತಿ ಬಿಚ್ಚಿಸುತ್ತಿದ್ದಳು.

ಗ್ರಾಫ್ ಹಾಳೆ ಕೊಟ್ಟು ನೋಡಿದೆ. ಚಿತ್ರ ಚಂದ ತೆಗೆದರು, ಸೂಜಿ ಮತ್ತೆ ಅಲ್ಲಿಯೇ ನಿಂತಿತು. ನಾನೂ ಅವಸರ ಮಾಡಿ ಇಳಕಲ್ ಸೀರೆಯನ್ನೇ ಕೈಗೆ ಕೊಟ್ಟೆ. ಮೂರು ಸೀರೆ ಕೆಟ್ಟವು. ಸುಮಾರು 8,000 ರೂಪಾಯಿ ಹೋಯಿತು. ಆರ್ಡರ್ ಕೊಟ್ಟಿದ್ದ ಅಂಗಡಿಯವರು ಸರಿಯಾಗಿ ಆಗಿದ್ದ ನಾಲ್ಕನೆಯದರ ಕೂಲಿಯನ್ನೂ ಹಿಡಿದುಕೊಂಡರು. ಆ ದೀಪಾವಳಿಗೆ ಮನೆಯಲ್ಲಿ ಹೊಸ ಬಟ್ಟೆ ಇಲ್ಲ.

ಆಮೇಲೆ ಒಂದು ದಿನ ಅಂಗಳದಲ್ಲಿ ಸುಣ್ಣದ ಕಡ್ಡಿಯಿಂದ ದೊಡ್ಡ ತುಳಸಿಕಟ್ಟೆ ಬರೆದೆ. "ಒಂದು ಗೆರಿ ತುಳೀರಿ, ಒಂದು ದಾಟ್ರಿ. ಹೊಳ್ಳಿ ಬರೂಮುಂದ ಬಿಟ್ಟದ್ದು ತುಳೀರಿ" ಅಂದೆ. ಗೆರೆ ಕವಲೊಡೆದಲ್ಲಿ ಯಾವ ಕಡೆ ಮೊದಲು ಅಂತ ಜಗಳ ಶುರು. ನಾನು ಬಾಯಿ ಹಾಕಲಿಲ್ಲ.

"ಕಸೂತಿ ಕಲಸಾಕತ್ತೀಯೋ, ಕುಂಟಾಬಿಲ್ಲಿ ಆಡಸಾಕತ್ತೀಯೋ, ಯವ್ವಾ?" ಅಂತ ಬಾಜೂ ಮನೆಯ ಅಜ್ಜಿ ಕೇಳಿದರು. ಐದಾರು ವಾರ ನಡೆಸಿ, ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆ ಕೊಟ್ಟೆ. ಐದು ಜನ ಗಂಟಿಲ್ಲದೆ ಮುಗಿಸಿದರು. ಅದೇ ಅಜ್ಜಿ ಈಗ ಮೊಮ್ಮಗಳನ್ನು ಕಳಿಸುತ್ತಾರೆ. ಇಷ್ಟು ಸಣ್ಣವರಿಂದ ಇಂಥ ಕೆಲಸ ನಮ್ಮ ಓಣಿಯಲ್ಲಿ ಬೇರೆ ಯಾರೂ ತೆಗೆದಿಲ್ಲ.

ಅಂಕುಡೊಂಕಾಗಿ ಹೋಗುವ ಮುರಗಿ ಹೊಲಿಗೆಗೂ ಇದು ನಡೆಯುತ್ತದೆ, ಮೆಟ್ಟಿಲು ಹತ್ತಿ ಇಳಿದ ಹಾಗೆ. ಕಸೂತಿಯ ಇನ್ನೆರಡು ಹೊಲಿಗೆ, ನೇಯ್ಗೆ ಮತ್ತು ಮೆಂತಿಗೆ ಇದು ಬೇಕಿಲ್ಲ. ದಾರದ ಕೊನೆ ಎರಡೂ ಬದಿ ಕಾಣದ ಹಾಗೆ ಅಡಗಿಸಲು ನಮ್ಮವ್ವನ ಒಂದು ಉಪಾಯವಿದೆ. ಅದನ್ನು ಕೂತು ಕಲಿಯುವವರಿಗೆ ಮಾತ್ರ ತೋರಿಸುತ್ತೇನೆ.

ಹೋದ ಮಳೆಗಾಲ ತೇರು ಬರೆಯಲು ಅಂಗಳ ಸಾಲಲಿಲ್ಲ, ಮಾಳಿಗೆ ಮೇಲೆ ಬರೆದೆ. ಅರ್ಧಕ್ಕೇ ಮಳೆ ಬಂದು ಎಲ್ಲ ತೊಳೆದುಹೋಯಿತು. ಮಳೆ ನಿಂತ ಮೇಲೆ ಹನ್ನೊಂದು ವರ್ಷದವಳೊಬ್ಬಳು ಆ ಹಸಿ ನೆಲದ ಮೇಲೆ, ಗೆರೆಯೇ ಇಲ್ಲದೆ, ಪೂರ್ತಿ ತೇರು ನಡೆದು ಹೊಳ್ಳಿ ಬಂದಳು.