ಹೆಬ್ಬೆರಳ ಬುಡ ನೋಯುವಾಗ ಜಲವರ್ಣ: ನಾನು ಮಾಡಿಕೊಂಡ ಬದಲಾವಣೆಗಳು

ಹೆಬ್ಬೆರಳ ಬುಡದ ಕೀಲು ಸವೆದವರಿಗೆ ಕುಂಚದ ತೂಕ ತೊಂದರೆ ಕೊಡುವುದಿಲ್ಲ, ಅದರ ಸಪೂರ ಹಿಡಿ ಕೊಡುತ್ತದೆ. ಚಿವುಟಿ ಹಿಡಿದಷ್ಟೂ ಒತ್ತಡವೆಲ್ಲ ಆ ಒಂದೇ ಕೀಲಿಗೆ. ಹಾಗಾಗಿ ಎಸಿ ಪೈಪಿಗೆ ಹಾಕುವ ಕಪ್ಪು ಫೋಮ್ ಕೊಳವೆಯನ್ನು ನಾಲ್ಕು ಇಂಚು ಕತ್ತರಿಸಿ ಕುಂಚಕ್ಕೆ ತೊಡಿಸುತ್ತೇನೆ. ತೂತು ಸಡಿಲವಿದ್ದರೆ ಕುಂಚ ಒಳಗೇ ತಿರುಗಿ ಗೆರೆ ಕೆಡುತ್ತದೆ. ಮೊದಲು ಬ್ಯಾಡ್ಮಿಂಟನ್ ಗ್ರಿಪ್ ಟೇಪನ್ನು ಹಿಡಿಗೆ ಬಿಗಿಯಾಗಿ ಸುತ್ತಿಕೊಳ್ಳಬೇಕು. ಲೋಹದ ಕಟ್ಟಿನಿಂದ ಒಂದು ಇಂಚು ಬಿಟ್ಟೇ ಫೋಮ್ ಶುರುವಾಗಲಿ. ಇಲ್ಲದಿದ್ದರೆ ಸಂದಿಯಲ್ಲಿ ನೀರು ನಿಂತು, ಬೇಡದ ಹೊತ್ತಿಗೆ ಆಕಾಶದ ಮೇಲೆ ತೊಟ್ಟಿಕ್ಕುತ್ತದೆ. (ಸಂಧಿವಾತವಿದ್ದ ಫ್ರೆಂಚ್ ಚಿತ್ರಕಾರ ರೆನ್ವಾರ್ ಕೈಗೆ ಕುಂಚ ಕಟ್ಟಿಸಿಕೊಳ್ಳುತ್ತಿದ್ದ ಎಂದು ಹೇಳುವವರಿದ್ದಾರೆ. ಆತ ಕೈಗೆ ಸುತ್ತಿಕೊಳ್ಳುತ್ತಿದ್ದ ಬಟ್ಟೆಪಟ್ಟಿ ಅಂಗೈ ಚರ್ಮದ ರಕ್ಷಣೆಗೆ. ಕುಂಚವನ್ನು ಆತ ಬೆರಳಲ್ಲೇ ಹಿಡಿಯುತ್ತಿದ್ದ.)

ಹಿಡಿ ದಪ್ಪವಾದ ಮೇಲೆ ಬೆರಳಿನಿಂದ ಗೆರೆ ಎಳೆಯುವುದು ಆಗದು, ತೋಳಿನಿಂದ ಎಳೆಯಬೇಕು. ಹನ್ನೊಂದು ಇಂಚು ಆಳದ ಹಲಗೆಯ ಹಿಂಬದಿಗೆ ಮೂರು ಇಂಚಿನ ಮರದ ತುಂಡು ಇಟ್ಟರೆ ಸುಮಾರು 15 ಡಿಗ್ರಿ ಇಳಿಜಾರು ಸಿಗುತ್ತದೆ. ಅರ್ಧ ಕೆಲಸ ಅದೇ ಮಾಡುತ್ತದೆ. 12ನೇ ನಂಬರಿನ ದುಂಡು ಕುಂಚ ತುಂಬಾ ಬಣ್ಣ ಹೀರಿಸಿ ಎಡದಿಂದ ಬಲಕ್ಕೆ ಒಂದು ಎಳೆತ. ಕೆಳಅಂಚಿನಲ್ಲಿ ನೀರಿನ ಸಾಲು ನಿಲ್ಲುತ್ತದೆ, ಮುಂದಿನ ಎಳೆತ ಅದನ್ನು ಮುಟ್ಟಿಕೊಂಡೇ ಹೋಗಬೇಕು. ಕೊನೆಯಲ್ಲಿ ಉಳಿದ ಸಾಲನ್ನು ಒರೆಸಿದ ಕುಂಚದಿಂದ ಹೀರಿ ತೆಗೆಯಿರಿ. ಬಿಟ್ಟರೆ, ಮೇಲಿನ ಭಾಗ ಆರುತ್ತಿದ್ದಂತೆ ಆ ನೀರು ಹಿಂದಕ್ಕೆ ಹತ್ತಿ ಹೂಕೋಸಿನ ಅಂಚಿನಂಥ ಕಲೆ ಎಬ್ಬಿಸುತ್ತದೆ.

ಹಾಳೆಯ ಹೊಳಪು ಮಾಸುವ ಹೊತ್ತಿನಲ್ಲಿ ಕೈ ಹಾಕಲೇಬಾರದು. ಅದೇ ಕೈಗೆ ವಿಶ್ರಾಂತಿ: ಬೆರಳು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಳ್ಳಿ. ಬೆರಳ ಹಿಂಬದಿಯನ್ನು ಹಾಳೆಗೆ ತಾಗಿಸಿದಾಗ ತಣ್ಣಗಿದ್ದರೆ ಇನ್ನೂ ಹಸಿ ಇದೆ ಎಂದರ್ಥ. ಮಲೆನಾಡಿನ ಮಳೆಗಾಲದಲ್ಲಿ ಈ ಕಾಯುವಿಕೆ ಮುಗಿಯುವುದೇ ಇಲ್ಲ, ಕಲಬುರಗಿಯ ಬೇಸಿಗೆಯಲ್ಲಿ ನಿಧಾನದ ಕೈ ಅರ್ಧಕ್ಕೆ ಬರುವಷ್ಟರಲ್ಲಿ ಹಾಳೆ ಒಣಗಿರುತ್ತದೆ. ಬೇಸಿಗೆಗೆ ನನ್ನ ದಾರಿ: 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದದ ಎರಡೂ ಬದಿ ನೆನೆಸಿ ಅಕ್ರಿಲಿಕ್ ಹಲಗೆಗೆ ಅಂಟಿಸುವುದು. ಕೆಳಗಿನ ತೇವ ಮೇಲಿನದನ್ನು ಕಾಯುತ್ತದೆ.

ಟ್ಯೂಬಿನ ಮುಚ್ಚಳ ದಿನಾ ತಿರುಗಿಸುವ ಹಿಂಸೆ ಬೇಡ. ಯಾರಾದರೂ ಮನೆಯಲ್ಲಿದ್ದಾಗ ಎಲ್ಲವನ್ನೂ ಒಮ್ಮೆಗೇ ಪ್ಯಾನ್‌ಗಳಿಗೆ (ಬಣ್ಣ ಒಣಗಿಸಿಡುವ ಪುಟ್ಟ ಬಟ್ಟಲುಗಳಿಗೆ) ಹಿಂಡಿಸಿ. ಅರ್ಧ ತುಂಬಿ, ಒಣಗಿದ ಮೇಲೆ ಇನ್ನರ್ಧ. ಒಂದೇ ಸಲ ತುಂಬಿದರೆ ಬಿರುಕು ಬಿಡುತ್ತದೆ. ಕೂರುವ ಹತ್ತು ನಿಮಿಷ ಮೊದಲು ಪ್ರತಿ ಪ್ಯಾನಿಗೆ ಎರಡು ಹನಿ ನೀರು. ಗಟ್ಟಿ ಬಣ್ಣವನ್ನು ಕುಂಚದಿಂದ ಉಜ್ಜುವುದೇ ಕೀಲಿಗೆ ಎಲ್ಲಕ್ಕಿಂತ ಕೆಟ್ಟದ್ದು.

ಇದೇ ಕಾರಣಕ್ಕೆ ಥ್ಯಾಲೋ ನೀಲಿ ಬಿಟ್ಟೆ. ಕಾಗದಕ್ಕೆ ಕಚ್ಚಿಕೊಂಡರೆ ಎಷ್ಟು ತಿಕ್ಕಿದರೂ ಏಳುವುದಿಲ್ಲ. ಅಲ್ಟ್ರಾಮರೀನ್ ನೀಲಿ ಒದ್ದೆ ಕುಂಚಕ್ಕೂ ಸಾಕಷ್ಟು ಎದ್ದು ಬರುತ್ತದೆ, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಸೇರಿಸಿದರೆ ಮೋಡಕ್ಕೆ ಬೇಕಾದ ಬೂದುಬಣ್ಣವೂ ಸಿಗುತ್ತದೆ. ಬಿಳಿ ಜಾಗಕ್ಕೆ ಬಣ್ಣ ತಾಗದಂತೆ ಮೊದಲೇ ಹಚ್ಚುವ ಮಾಸ್ಕಿಂಗ್ ಫ್ಲೂಯಿಡ್ ಉಜ್ಜಿ ತೆಗೆಯಲು ಬೆರಳೇ ಬೇಕು. ಬಿಳಿ ಜಾಗವನ್ನು ಸುಮ್ಮನೆ ಬಿಟ್ಟುಕೊಂಡು ಬಣ್ಣ ಹಾಕುವುದೇ ವಾಸಿ.

ಕೈ ನಡುಕ ಒಣಕೊಂಬೆಗೆ ಒಗ್ಗುತ್ತದೆ, ಉದ್ದ ಕೂದಲಿನ ರಿಗ್ಗರ್ ಕುಂಚದಲ್ಲಂತೂ ಚೆನ್ನಾಗಿಯೇ ಬರುತ್ತದೆ. ಕರೆಂಟಿನ ತಂತಿಗೆ ಒಗ್ಗದು. ಅದಕ್ಕೆ ಹಳೆಯ ಎಟಿಎಂ ಕಾರ್ಡಿನ ಅಂಚಿಗೆ ದಟ್ಟ ಬಣ್ಣ ಹಚ್ಚಿ, ಒಣಗಿದ ಆಕಾಶದ ಮೇಲೆ ಒಮ್ಮೆ ಒತ್ತಿ ಎತ್ತುತ್ತೇನೆ.