ಯೋಗ ಬ್ಲಾಗ್ ಗೂಗಲ್‌ನಲ್ಲಿ ಕಾಣದಿದ್ದಾಗ ಸರಿಪಡಿಸಿದ್ದು ಹೀಗೆ

ನಾನು ಯೋಗ, ಉಸಿರಾಟದ ಅಭ್ಯಾಸ ಹೇಳಿಕೊಡುತ್ತೇನೆ. ಬ್ಲಾಗ್ ನಡೆಸುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ನಲವತ್ತು ಬರಹ ಹಾಕಿದ್ದೆ. ಇನ್‌ಸ್ಟಾಗ್ರಾಂನಲ್ಲಿ ಹೇಳಿದ ದಿನ ಒಂದಷ್ಟು ಜನ ಬಂದು ಓದುತ್ತಿದ್ದರು. ಮರುದಿನ ಯಾರೂ ಇಲ್ಲ. ಗೂಗಲ್‌ನಿಂದಂತೂ ಒಬ್ಬರೂ ಬರುತ್ತಿರಲಿಲ್ಲ.

ಹ್ಯಾಷ್‌ಟ್ಯಾಗ್ ಜಾಸ್ತಿ ಮಾಡಿದೆ. ದಿನಾ ಪೋಸ್ಟ್ ಹಾಕಿದೆ. ಥೀಮ್ ಬದಲಿಸಿದೆ. ದುಡ್ಡು ಕೊಟ್ಟು ಪೋಸ್ಟ್ ಬೂಸ್ಟ್ ಮಾಡಿದರೆ ಲೈಕ್ ಬಂತು, ಅಷ್ಟೇ.

ಕೊನೆಗೆ ಗೂಗಲ್‌ನಲ್ಲಿ 'ಸೈಟ್' ಅಂತ ಇಂಗ್ಲಿಷ್‌ನಲ್ಲಿ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನನ್ನ ಬ್ಲಾಗ್ ವಿಳಾಸ ಟೈಪ್ ಮಾಡಿದೆ. ಒಂದು ಪುಟವೂ ಬರಲಿಲ್ಲ. ಅಂದರೆ ನನ್ನ ಬ್ಲಾಗ್ ಗೂಗಲ್‌ನ ಪಟ್ಟಿಯಲ್ಲೇ ಇರಲಿಲ್ಲ. ಈ ಪರೀಕ್ಷೆಯನ್ನೇ ಮೊದಲು ಮಾಡಿ.

ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ತೆರೆಯಿರಿ. ಸರ್ಚ್ ಎಂಜಿನ್‌ಗಳು ಈ ಸೈಟನ್ನು ಸೇರಿಸಿಕೊಳ್ಳಬಾರದು ಎನ್ನುವ ಚೌಕ ಕೆಳಗಡೆ ಇರುತ್ತದೆ. ನಾನು ಬ್ಲಾಗ್ ಕಟ್ಟುವಾಗ ಅದರಲ್ಲಿ ಹಾಕಿದ ಟಿಕ್ ಅಲ್ಲೇ ಉಳಿದಿತ್ತು. ಅದನ್ನು ತೆಗೆದು ಸೇವ್ ಮಾಡಿ. ಕ್ಯಾಶ್ ಪ್ಲಗಿನ್ (ಪುಟಗಳ ಪ್ರತಿ ಇಟ್ಟುಕೊಂಡು ಬೇಗ ತೋರಿಸುವ ಸೇರ್ಪಡೆ) ಇದ್ದರೆ ಅದರ ಕ್ಯಾಶ್ ಖಾಲಿ ಮಾಡಿ, ಇಲ್ಲದಿದ್ದರೆ ಹಳೆಯ ಪುಟವೇ ಹೋಗುತ್ತಿರುತ್ತದೆ. ಆಮೇಲೆ ಬ್ರೌಸರ್‌ನಲ್ಲಿ ಪುಟದ ಸೋರ್ಸ್ (ಪುಟದ ಹಿಂದಿನ ಕೋಡ್) ತೆರೆದು, 'ಪಟ್ಟಿಗೆ ಸೇರಿಸಬೇಡಿ' ಎಂದು ಸರ್ಚ್ ಎಂಜಿನ್‌ಗಳಿಗೆ ಹೇಳುವ 'ನೋಇಂಡೆಕ್ಸ್' (noindex) ಪದ ಹುಡುಕಿ. ಅದು ಇರಬಾರದು.

ಇಷ್ಟಾದ ಮೇಲೆಯೇ ಗೂಗಲ್ ಸರ್ಚ್ ಕನ್ಸೋಲ್‌ಗೆ ಹೋಗಿ. ನಮ್ಮ ಸೈಟ್ ಗೂಗಲ್‌ನಲ್ಲಿ ಹೇಗೆ ಕಾಣುತ್ತಿದೆ ಅಂತ ನೋಡಲು ಗೂಗಲ್ ಕೊಡುವ ಸಾಧನ ಅದು. ಟಿಕ್ ಇರುವಾಗ ವರ್ಡ್‌ಪ್ರೆಸ್ ತನ್ನ ಸೈಟ್‌ಮ್ಯಾಪನ್ನೂ (ಸೈಟಿನ ಪುಟಗಳ ವಿಳಾಸಗಳ ಪಟ್ಟಿ) ಕೊಡುವುದಿಲ್ಲ, ಹಾಗಾಗಿ ಈ ಕ್ರಮ ಮುಖ್ಯ. 5.5 ಆವೃತ್ತಿಯಿಂದ ಸೈಟ್‌ಮ್ಯಾಪ್ ಒಳಗೇ ಇದೆ, ಬೇರೆ ಪ್ಲಗಿನ್ ಬೇಡ. ಅದರ ವಿಳಾಸವನ್ನು ಕನ್ಸೋಲ್‌ನಲ್ಲಿ ಸಲ್ಲಿಸಿ. ನಂತರ ಅಲ್ಲೇ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಪುಟದ ವಿಳಾಸ ಹಾಕಿ, ಮುಖ್ಯ ಪುಟಗಳಿಗೆ ಮಾತ್ರ ರಿಕ್ವೆಸ್ಟ್ ಇಂಡೆಕ್ಸಿಂಗ್ (ಪಟ್ಟಿಗೆ ಸೇರಿಸಿ ಎಂಬ ಕೋರಿಕೆ) ಒತ್ತಿ. ದಿನಕ್ಕೆ ಇಷ್ಟೇ ಅಂತ ಮಿತಿ ಇದೆ. ನಾನು ಮೊದಲು ಕೊಟ್ಟಿದ್ದು ತರಗತಿಗೆ ಹೆಸರು ಬರೆಸುವ ಪುಟ ಮತ್ತು ಸೊಂಟನೋವಿನ ಬರಹ.

ಇನ್‌ಸ್ಟಾಗ್ರಾಂ ಪೋಸ್ಟಿನ ಬರಹದಲ್ಲಿ ಲಿಂಕ್ ಹಾಕಿದರೆ ಒತ್ತಲು ಬರುವುದಿಲ್ಲ. ಅದನ್ನು ಬಯೋದಲ್ಲಿ ಹಾಕಿ.